ಟಿ.ವಿ. ಎತ್ತಿದ ಸೊಲ್ಲು

ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ, ಹುಣಸೂರಿನ ನಮ್ಮ ಮನೆಯಲ್ಲಿ, ನನ್ನ ಅತ್ತೆ ಏಕಕಾಲಕ್ಕೆ ಮೊಬೈಲು, ಟ್ಯಾಬು, ಲ್ಯಾಪ್‌ಟಾಪು ಮತ್ತು ಟಿ.ವಿ.ಯಲ್ಲಿ ಹಾಡಿದರು. ಅದೇ ಹೊತ್ತಿನಲ್ಲಿ ಅವರು ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಪತ್ರಿಕಾ ಕಚೇರಿಯಲ್ಲಿ ಬೇರೆಯವರ ಬರಹದಿಂದ ‘ಅದ್ಭುತ’, ‘ರೋಮಾಂಚಕ’ ಮುಂತಾದ ಪದಗಳನ್ನು ಹೊಡೆದುಹಾಕುವುದು ನನ್ನ ಉದ್ಯೋಗ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ.

ಅತ್ತೆ ಗಾವಡಗೆರೆಯವರು, ಮದುವೆ ಮನೆಗಳಲ್ಲಿ ಸೋಬಾನೆ ಹಾಡುವವರು. ಸೋಬಾನೆಯಲ್ಲಿ ಒಬ್ಬರು ಒಂದು ಸಾಲು ಹೇಳಿ ನಿಲ್ಲಿಸಬೇಕು. ಜೊತೆಯವರು ಅದನ್ನೇ ತಿರುಗಿ ಹೇಳಬೇಕು. ಅದಕ್ಕೆ ಸೊಲ್ಲು ಎತ್ತುವುದು ಎನ್ನುತ್ತಾರೆ. ಅತ್ತೆಗೆ ಯಾವಾಗಲೂ ಸೊಲ್ಲು ಎತ್ತುತ್ತಿದ್ದ ಪುಟ್ಟತಾಯಮ್ಮ, ಮಂಡಿನೋವಿನ ಕಾರಣ ಹೇಳಿ ಎಚ್.ಡಿ. ಕೋಟೆಯ ಮಗಳ ಮನೆ ಸೇರಿಬಿಟ್ಟಿದ್ದರು. ಹೀಗಿರುವಾಗ ಚುಂಚನಕಟ್ಟೆಯ ಮದುವೆ ಮನೆಯವರು ಹಾಡಿನ ಒಂದು ವಿಡಿಯೊ ತೋರಿಸಿ ಎಂದರು. ನನ್ನ ಹೆಂಡತಿ ಸವಿತಾ ತಾಯಿಯನ್ನು ಒಬ್ಬರನ್ನೇ ಕೂರಿಸಿ, ಚಿತ್ರೀಕರಿಸಿ, ಆನ್‌ಲೈನಿಗೆ ಹಾಕಿದಳು. ಅತ್ತೆ ಅಭ್ಯಾಸಬಲದಿಂದ ಪ್ರತಿ ಸಾಲಿನ ಕೊನೆಗೂ ನಿಲ್ಲಿಸಿ, ಎಡಕ್ಕೆ ತಿರುಗಿ ನೋಡಿದ್ದರು. ಅಲ್ಲಿ ನಮ್ಮ ಫ್ರಿಜ್ ಇತ್ತು.

ಆ ಭಾನುವಾರ ಬೆಳಿಗ್ಗೆಯೇ ಮದುವೆ ಹುಡುಗಿಯ ತಂದೆ ಫೋನ್ ಮಾಡಿದರು. “ಬೇಜಾರ್ ಮಾಡ್ಕಬ್ಯಾಡಿ ಅಮ್ಮಾರೇ, ಸಾಲ್‌ಸಾಲಿಗೂ ನಿಂತೋಯ್ತದಲ್ಲ? ಡಿಜೆಯವರ್ಗೇ ಹೇಳ್ಬುಡವ ಅಂತವ್ರೆ ಉಡುಗ್ರು. ಸಂಜೆ ತಿಳಿಸ್ತೀನಿ.”

ಅತ್ತೆ ಫೋನ್ ಇಟ್ಟರು. “ಇದು ತಪ್ಪೋದ್ರೆ ಇನ್ ನಾನ್ ಬಾಯೇ ತೆಗ್ಯಾಕಿಲ್ಲ ಬುಡು.”

ವಿಡಿಯೊದ ವೀಕ್ಷಣೆಯ ಸಂಖ್ಯೆ ಏರಿದರೆ ಮದುವೆ ಮನೆಯವರ ಮನಸ್ಸು ತಿರುಗುತ್ತದೆ ಎಂದು ಸವಿತಾ ತೀರ್ಮಾನಿಸಿದಳು. ಮನೆಯ ಯಂತ್ರಗಳಲ್ಲೆಲ್ಲ ವಿಡಿಯೊ ಮತ್ತೆ ಮತ್ತೆ ಓಡುವಂತೆ ಹಾಕಿದಳು. ನಮ್ಮದೇ ಮನೆಯಲ್ಲಿ ನಾವೇ ತಿರುಗಿಸಿದರೆ ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ ಎಂದು ನಾನು ಸಂಶಯ ಎತ್ತಿದೆ.

“ನಿಮ್ ಪೇಪರ್‌ನ ಯಾರಾದ್ರೂ ಎರಡ್ನೇ ಸಲ ಓದಿದ್ದು ನೋಡಿದೀರೇನ್ರೀ? ಸುಮ್ನಿರಿ,” ಎಂದಳು. ಈ ಬಗ್ಗೆ ನನ್ನಲ್ಲಿ ಮಾಹಿತಿ ಇರಲಿಲ್ಲ.

ನೆಟ್‌ವರ್ಕ್ ಎಂದಿನಂತೆ ತಡವರಿಸಿತು. ಮೊಬೈಲು ಮುಂದೆ ಹೋಯಿತು, ಟಿ.ವಿ., ಟ್ಯಾಬು, ಲ್ಯಾಪ್‌ಟಾಪು ಸರಿಯಾಗಿ ಒಂದು ಸಾಲು ಹಿಂದೆ ಬಿದ್ದವು. ಮೊಬೈಲಿನ ಅತ್ತೆ ಸಾಲು ಮುಗಿಸಿ ಎಡಕ್ಕೆ ತಿರುಗಿದರು. ಆ ಖಾಲಿ ಜಾಗದಲ್ಲಿ ಮೂರು ಅತ್ತೆಯರು ಸೊಲ್ಲು ಎತ್ತಿದರು. ಅವರು ನಿಂತಾಗ ಮೊಬೈಲಿನವರು ಮುಂದಿನ ಸಾಲು ಹಿಡಿದರು. ಒಬ್ಬಳೇ ಹೆಂಗಸು ತನಗೆ ತಾನೇ ಓಗೊಡುತ್ತ ಮನೆಯ ತುಂಬ ಹೆಂಗಸರಾದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದರು. ನಾನು ಕೂಡ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಾಗಲಿಲ್ಲ. ಹೊಡೆದುಹಾಕಿದ್ದ ಪದಗಳೆಲ್ಲ ಒಟ್ಟಿಗೆ ಬಾಯಿಗೆ ಬಂದು, ಒಂದೂ ಹೊರಗೆ ಬರಲಿಲ್ಲ.

ಅತ್ತೆ ಎಚ್.ಡಿ. ಕೋಟೆಗೆ ಫೋನ್ ಹಚ್ಚಿ, ಟಿ.ವಿ.ಯ ಮುಂದೆ ಹಿಡಿದರು. ಪುಟ್ಟತಾಯಮ್ಮನ ದನಿ ಸ್ಪೀಕರ್ ಇಲ್ಲದೆಯೂ ಕೇಳಿಸಿತು.

“ಯಾರಮ್ಮಿ ಅದು, ನನ್ ಸೊಲ್ಲ ಎತ್ತಾ ಇರೋಳು?”

“ಟಿ.ವಿ. ಕಣೆ.”

“ಟಿ.ವಿ.ನಾ? ನಾನಿನ್ನೂ ಉಸಿರಾಡ್ತಾ ಇವ್ನಿ ಕಣಮ್ಮಿ! ಆರಿಸು ಅದ. ಬಸ್ ಹತ್ತೀನಿ.”

“ಮಂಡಿ?”

“ಮಂಡೀಲೇನ್ ಹಾಡ್ತಾರಾ?”

ಮಧ್ಯಾಹ್ನ ಅವರು ಬಂದಿಳಿದರು. ಟಿ.ವಿ.ಯ ಕಡೆ ಒಮ್ಮೆ ಕೆಕ್ಕರಿಸಿ ನೋಡಿ, ಅತ್ತೆಯ ಎಡಕ್ಕೆ ಕೂತರು. ಸಂಜೆ ಹುಡುಗಿಯ ತಂದೆಗೆ ಫೋನಿನಲ್ಲೇ ಇಬ್ಬರೂ ಹಾಡಿ ಕೇಳಿಸಿದರು. ಆ ಕಡೆಯಿಂದ ಅವರು, “ಬಂದ್ಬುಡಿ ಅಮ್ಮಾರೇ,” ಎಂದರು.

ಚುಂಚನಕಟ್ಟೆಯ ಮದುವೆಯಲ್ಲಿ ಹಸೆಮಣೆಯ ಮುಂದೆ ಇಬ್ಬರೂ ಹಾಡಿದರು. ಡಿಜೆಯವರು ತಮ್ಮ ಪೆಟ್ಟಿಗೆಗಳ ಮೇಲೆ ಕೂತು ಕೇಳಿದರು. ವಿಡಿಯೊ ತೆಗೆಯುವ ಹೊಣೆ ನನ್ನದಾಗಿತ್ತು. ಉದ್ದಕ್ಕೂ ಮೊಬೈಲನ್ನು ಅಲುಗದಂತೆ ಹಿಡಿದಿದ್ದೆ. ಬಟನ್ ಒತ್ತಿರಲಿಲ್ಲ.

ಬರುವ ವಾರ ಪಿರಿಯಾಪಟ್ಟಣದ ಮದುವೆಯೊಂದಕ್ಕೆ ಇಬ್ಬರಿಗೂ ಕರೆ ಬಂದಿದೆ. ವಿಡಿಯೊ ತೆಗೆಯಲು ಬೇರೆಯವರನ್ನು ಗೊತ್ತುಮಾಡಲಾಗಿದೆ.