ಮಾವನ ಬೋಟಿಗೆ ಎಣ್ಣೆ

ಇಷ್ಟಕ್ಕೆಲ್ಲ ಮೂಲ ಒಂದು ಡಬ್ಬ ಎಣ್ಣೆ. ಅದೂ ಇನ್ನೂ ಅಂಗಡಿಯಲ್ಲೇ ಕೂತಿದ್ದ ಡಬ್ಬ.

ಮದುವೆಯಾದಂದಿನಿಂದ ಅಳಿಯ ಮಾವನ ಮನೆಯಲ್ಲೇ ಇದ್ದ. ಇದ್ದ ಅನ್ನುವುದಕ್ಕಿಂತ, ಹಗ್ಗ, ಹುಟ್ಟು, ಹರಿದ ಲೈಫ್ ಜಾಕೆಟ್ಟುಗಳ ಜೊತೆ ಹಿತ್ತಿಲ ಸಾಮಾನು ಕೋಣೆಯಲ್ಲಿ ಅವನನ್ನೂ ಇಟ್ಟಿದ್ದರು ಅನ್ನಬೇಕು. ಗಂಡ ಹೆಂಡತಿ ಮಲಗುವ ಮಂಚಕ್ಕೆ ಹಳೆಯ ಲಂಗರೊಂದು ಒರಗಿಕೊಂಡಿತ್ತು. ಮಹಡಿಯಲ್ಲಿ ಕೆರೆಯ ಕಡೆ ಕಿಟಕಿಯಿದ್ದ ಕೋಣೆಯೊಂದು ಖಾಲಿ ಬಿದ್ದಿತ್ತು. ಅದರ ಬೀಗದಕೈ ಮಾತ್ರ ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಪ್ರಾಣವಿದ್ದ ಹಾಗೆ ಮಾವನ ಜೇಬಿನಲ್ಲಿ ಭದ್ರವಾಗಿತ್ತು.

ಅವತ್ತು ಬೆಳಿಗ್ಗೆ ಪೇಟೆಗೆ ಹೊರಟ ಮಾವ ಬಾಗಿಲಲ್ಲಿ ನಿಂತರು. ಕೆನ್ನೆ ಊದಿ ಬನ್ನಿನಂತಾಗಿತ್ತು, ಬಾಯಲ್ಲಿ ಹತ್ತಿ.

"ಅಳಿಯಂದಿರೇ, ಸಾಯಂಕಾಲ ಹಲ್ಲಿನ ಡಾಕ್ಟರ ಜೊತೆ ಪಂದ್ಯ. ಬೋಟಿನ ಹಳೇ ಎಣ್ಣೆ ಬಸಿದಿದ್ದೀನಿ, ಹೊಸದು ಹಾಕಿಡಿ. ಗೆದ್ದರೆ ಮಹಡಿ ಕೋಣೆ ನಿಮ್ಮದು."

"ಯಾವ ಎಣ್ಣೆ ಮಾವ?"

"ಸರಿಯಾದ ಎಣ್ಣೆ." ಇನ್ನೂ ಏನೋ ಹೇಳಹೊರಟರು, ನೋವಿಗೆ ಮುಖ ಕಿವುಚಿ, ಕೈಯಾಡಿಸಿ ನಡೆದುಬಿಟ್ಟರು.

ಪಕ್ಕದ ಮನೆಯ ಡಾಕ್ಟರಿಗೂ ಮಾವನಿಗೂ ಹಾವು ಮುಂಗುಸಿಯ ಸಂಬಂಧ. ಮಾವ ನೀಲಿ ಬೋಟು ಕೊಂಡ ತಿಂಗಳೊಳಗೆ ಡಾಕ್ಟರೂ ಅದೇ ನೀಲಿಯ, ಅದೇ ಎಂಜಿನ್ನಿನ ಬೋಟು ತಂದಿದ್ದರು. ಒಂದೇ ಸಮಾಧಾನವೆಂದರೆ, ದಂಡೆಯ ದೊಡ್ಡ ಮರದ ನೆರಳು ಮಾವನ ಬೋಟಿಗೆ. ಡಾಕ್ಟರದು ಬಿಸಿಲಲ್ಲಿ ಒಣಗುತ್ತಿತ್ತು.

"ಹೇಗಾದ್ರೂ ಸರಿಯಾದ್ದೇ ಹಾಕ್ರೀ," ಎಂದಳು ಹೆಂಡತಿ. "ನಿದ್ದೆಗಣ್ಣಲ್ಲಿ ನಿಮ್ಮ ಕೈ ಅಂದ್ಕೊಂಡು ಆ ಲಂಗರು ಹಿಡ್ಕೊಂಡು ಮಲಗೋದು ಸಾಕಾಗಿದೆ."

ಗೇಟಿನಲ್ಲೇ ನಿವೃತ್ತ ಬಸ್ ಡ್ರೈವರು ತಡೆದರು. "ಮಂದ ಎಣ್ಣೆ ತಗೊಳ್ಳಿ. ಸುರಿದರೆ ಬೀಳೋಕೇ ಯೋಚನೆ ಮಾಡಬೇಕು, ಹಾಗಿರಬೇಕು."

ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಮೀಸೆ ಬಿಟ್ಟು ಹೊರಬಂದ. "ಅವರ ಮಾತು ಕೇಳಬೇಡಿ ಸಾರ್. ಪೆಟ್ರೋಲಿಗೇ ಬೆರೆಸಿಬಿಡಿ. ನಮ್ಮಪ್ಪನ ಸ್ಕೂಟರಿಗೆ ಹಾಗೇ ಮಾಡ್ತಿದ್ದೆವು."

"ಆ ಸ್ಕೂಟರು ಈಗೆಲ್ಲಿದೆ?" ಎಂದರು ಡ್ರೈವರು.

"ಅದು ಬೇರೆ ವಿಷಯ."

ಬೀದಿಯ ಸಕಲ ಸಮಾಚಾರದ ಒಡತಿ, ಅತ್ತೆಯ ತಂಗಿ ಚಿಕ್ಕತ್ತೆ ತನ್ನ ಮನೆಯ ಕಿಟಕಿಯಿಂದ ಪುಟ್ಟ ಶೀಶೆ ಚಾಚಿದಳು. "ಹೊಲಿಗೆ ಮಷೀನಿನ ಎಣ್ಣೆ ಕಣಪ್ಪ. ಒಂದು ದಿನ ತಕರಾರು ಮಾಡಿಲ್ಲ."

ಅಂಗಡಿಯ ಗೋಡೆ ತುಂಬ ಡಬ್ಬಗಳು ಸ್ವಯಂವರಕ್ಕೆ ಕೂತ ರಾಜಕುಮಾರರ ಹಾಗೆ ಮಿರಮಿರ ಮಿಂಚುತ್ತಿದ್ದವು.

"ನಿಮ್ಮದು ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ?" ಕೇಳಿದ ಅಂಗಡಿಯವನು.

"ನೀಲಿ," ಎಂದ ಅಳಿಯ.

ಅಂಗಡಿಯವನು ಅವನನ್ನು ಕರುಣೆಯಿಂದ ನೋಡಿ, "ಎಂಜಿನ್ ನೋಡಿಕೊಂಡು ಬನ್ನಿ," ಎಂದು ಕಳಿಸಿದ.

ಅಳಿಯ ದಂಡೆಗೆ ಓಡಿದ. ಮರದ ಕೆಳಗಿನ ಬೋಟಿನ ಟಾರ್ಪಾಲು ಸರಿಸಿ ಎಂಜಿನ್ನಿನ ಮುಚ್ಚಳ ಎತ್ತಿದರೆ, ಒಳಗೆ ಅಂಟಿಸಿದ ಚೀಟಿಯಲ್ಲಿ ಎಲ್ಲ ಬರೆದೇ ಇತ್ತು: ಫೋರ್ ಸ್ಟ್ರೋಕ್, ಬೋಟಿಗೆಂದೇ ಮಾಡಿದ, ತುಕ್ಕು ತಡೆಯುವ ಎಣ್ಣೆ, ಇಂಥ ನಂಬರಿನದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಎಣ್ಣೆ ತಂದ. ಹಾಕುವ ಮುಂಚೆ ಅಳತೆ ಕಡ್ಡಿ ಎಳೆದು ನೋಡಿದರೆ ಒಳಗೆ ಕಾಡಿಗೆಯಂಥ ಹಳೇ ಎಣ್ಣೆ ತುಂಬಿ ತುಳುಕುತ್ತಿತ್ತು.

'ಪಾಪ, ಮಾವನಿಗೂ ಮರೆವು ಶುರುವಾಯಿತು,' ಎಂದುಕೊಂಡ. ಅವರ ತಪ್ಪನ್ನು ತಾನು ತಿದ್ದುವ ಯೋಗ ಜನ್ಮದಲ್ಲಿ ಮೊದಲ ಸಲ ಬಂದಿತ್ತು. ಕೈಪಂಪಿನಿಂದ ಹಳೆಯದನ್ನು ಪೂರ್ತಿ ಹೀರಿ ತೆಗೆದು, ಮೊಣಕೈವರೆಗೂ ಕರಿಬಳಿದುಕೊಂಡು, ಹೊಸ ಎಣ್ಣೆಯನ್ನು ಮಗುವಿಗೆ ಹಾಲು ಕುಡಿಸುವ ಹಾಗೆ ಸುರಿದ. ಮನಸ್ಸಿನಲ್ಲೇ ಮಹಡಿಯ ಕಿಟಕಿಗೆ ಪರದೆಯನ್ನೂ ಹಾಕಿದ.

ಸಾಯಂಕಾಲ ದಂಡೆ ತುಂಬ ಜನ. ಅಳಿಯ ಬರುವಷ್ಟರಲ್ಲಿ ಎರಡೂ ಬೋಟು ಹೊರಡಲು ಸಿದ್ಧವಾಗಿದ್ದವು. ಬಿಸಿಲಿನ ಜಾಗದಿಂದ ಹೊರಟ ಬೋಟಿನಲ್ಲಿ ಮಾವ. ಮರದ ಕೆಳಗಿನದರಲ್ಲಿ ಡಾಕ್ಟರು.

"ಮಾವ ಯಾಕೆ ಅದರಲ್ಲಿ ಕೂತರು?" ಎಂದ ಅಳಿಯ.

"ಅವರದೇ ಬೋಟಲ್ವೇನೋ," ಎಂದಳು ಚಿಕ್ಕತ್ತೆ. "ನಿನ್ನೆ ಡಾಕ್ಟರು ಭಾವನ ಹಲ್ಲು ಕಿತ್ತರಲ್ಲ, ಫೀಸಿನ ಬದಲು ಮರದ ನೆರಳು ಕೇಳಿದರಂತೆ. ರಾತ್ರಿಯೇ ಜಾಗ ಅದಲುಬದಲಾಯ್ತು. ನಿಂಗೆ ಗೊತ್ತಿಲ್ವಾ?"

"ಬೆಳಿಗ್ಗೆ ಹೇಳೋದಲ್ವಾ ಅತ್ತೆ."

"ನೀನು ಕೇಳಿದ್ದು ಎಣ್ಣೆ ವಿಷಯ."

ಅಳಿಯ ಕೈ ಬೀಸುತ್ತ ನೀರಿನಂಚಿಗೆ ಓಡಿದ. ಹುರಿದುಂಬಿಸುತ್ತಿದ್ದಾನೆಂದು ತಿಳಿದು ಮಾವನೂ ಕೈ ಬೀಸಿದರು. ಸೀಟಿ ಮೊಳಗಿತು. ಡಾಕ್ಟರ ಬೋಟು ಬಿಟ್ಟ ಬಾಣ. ಮಾವನದು ಕೆರೆಯ ನಡುವಿಗೆ ಹೋಗಿ ಕುಯ್ಯೋ ಎಂದು ಅತ್ತು, ಒಂದಿಷ್ಟು ಹೊಗೆಯುಗುಳಿ, ನಿಂತೇಬಿಟ್ಟಿತು.

ಗೆದ್ದ ಡಾಕ್ಟರೇ ಹಗ್ಗ ಕಟ್ಟಿ ಎಳೆದು ತಂದರು. "ಏನಾಶ್ಚರ್ಯವೋ, ನನ್ನ ಎಂಜಿನ್ ಇವತ್ತು ಬೆಣ್ಣೆ. ಎಣ್ಣೆ ಬದಲಾಯಿಸಬೇಕು ಅಂತ ಎಷ್ಟು ದಿನದಿಂದ ಅಂದ್ಕೊಂಡಿದ್ದೆ, ಇನ್ನು ಬೇಕಾಗಿಲ್ಲ ಬಿಡಿ."

ಮಾವ ಅಳಿಯನ ಕರಿ ಕೈ ನೋಡಿದರು. ಮರ ನೋಡಿದರು. ಮತ್ತೆ ಕೈ ನೋಡಿದರು.

ಕೆಟ್ಟ ಎಂಜಿನ್ನನ್ನು ಬಿಚ್ಚಿ, ನಾಲ್ವರು ಹೊತ್ತು ತಂದರು. ರಿಪೇರಿಯಾಗುವವರೆಗೆ ಸಾಮಾನು ಕೋಣೆಯಲ್ಲಿ, ಮಂಚದ ಮೇಲೆ ಗೋಣಿ ಹಾಸಿ ಮಲಗಿಸಬೇಕೆಂದು ಮಾವನ ಅಪ್ಪಣೆ. ಹೆಂಡತಿ ತನ್ನ ದಿಂಬೆತ್ತಿಕೊಂಡು ತಾಯಿಯ ಕೋಣೆಗೆ ನಡೆದಳು.

"ನಾನೆಲ್ಲಿ ಮಲಗಲಿ ಮಾವ?" ಎಂದ ಅಳಿಯ.

ಮಾವ ಬಾಯಿಂದ ಹತ್ತಿ ತೆಗೆದು ಸಾವಧಾನವಾಗಿ ಹೇಳಿದರು:

"ಬೋಟಿನಲ್ಲಿ ಮಲಗಿ ಅಳಿಯಂದಿರೇ. ಯಾವ ಬೋಟು ಅಂತ ಮಾತ್ರ ನೋಡ್ಕೊಂಡು ಮಲಗಿ."