ಕೊಹೀರಿನ ರೇವಪ್ಪ ಮುಂಬೈಯಲ್ಲಿ ಸೀಟು ಹಿಡಿದದ್ದು

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ಕೊಹೀರಿನ ರೇವಪ್ಪನನ್ನು ಮೀರಿಸಿದವರು ಜಹೀರಾಬಾದಿನಿಂದ ನಾರಾಯಣಖೇಡದ ತನಕ ಯಾರೂ ಇರಲಿಲ್ಲ. ಇದು ರೇವಪ್ಪನೇ ಹೇಳುತ್ತಿದ್ದ ಮಾತು. ಬೇರೆಯವರು ಹೇಳಿದ್ದು ಯಾರಿಗೂ ನೆನಪಿಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಷ್ಟರಲ್ಲಿ ಅವನ ಹೆಗಲ ಮೇಲಿನ ಟವೆಲ್ಲು ಕಿಟಕಿಯಿಂದ ಹಾರಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಆಮೇಲೆ ಜನ ಬಾಗಿಲಲ್ಲಿ ಗುದ್ದಾಡುತ್ತಿದ್ದರೆ ಈತ ಚಹಾ ಕುಡಿದು, ಮೀಸೆ ಒರೆಸಿಕೊಂಡು, ಸಾವಕಾಶ ಹತ್ತುತ್ತಿದ್ದ. ಟವೆಲ್ಲು ಬಿದ್ದ ಸೀಟನ್ನು ಆ ಸೀಮೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅಪ್ಪಿತಪ್ಪಿ ಮುಟ್ಟಿದವನ ವಂಶವನ್ನೆಲ್ಲ ರೇವಪ್ಪ ಬೈದು ಎಬ್ಬಿಸುತ್ತಿದ್ದ.

ಇಂಥ ಮಹಾನುಭಾವನ ಮಗಳು ವಾಣಿಶ್ರೀಯನ್ನು ಮುಂಬೈಯ ಮುಲುಂಡಿಗೆ ಕೊಟ್ಟಿತ್ತು. ಅವಳಿಗೆ ಏಳು ತಿಂಗಳು ತುಂಬಿ ಕುಬಸದ ಕಾರ್ಯ ಗೊತ್ತಾಗಿತ್ತು. ತವರಿನವರು ತಂದ ಹಸಿರು ಸೀರೆ ಉಟ್ಟು ಬಸುರಿ ಹಸೆಯ ಮೇಲೆ ಕೂತರೇನೇ ಕುಬಸ. ಆ ಸೀರೆ ಬಾರದಿದ್ದರೆ ಉಳಿದದ್ದು ಬರೀ ಊಟ. ಅದಕ್ಕೇ ರೇವಪ್ಪನ ಹೆಂಡತಿ ತಾರಾಬಾಯಿ ತಾನೇ ನಾರಾಯಣಪೇಟೆಗೆ ಹೋಗಿ, ಹಸಿರು ಒಡಲಿನ ಕೆಂಪಂಚಿನ ಸೀರೆ ಆರಿಸಿ ತಂದಿದ್ದಳು.

ಅವಳ ಚಿಂತೆ ಬೀಗತಿ ಶಿವಕಾಂತಾಳದ್ದು. ಶಿವಕಾಂತಾ ಹುಟ್ಟಿದ್ದು ಬೆಳೆದದ್ದು ನಾರಾಯಣಖೇಡದಲ್ಲೇ. ಆದರೆ ಮದುವೆಯಾಗಿ ಮುಂಬೈ ಸೇರಿದ ಮೇಲೆ ಆ ಊರಿನ ಹೆಸರನ್ನೇ ಕೇಳಿಲ್ಲವೇನೋ ಎಂಬಂತೆ ಇರುತ್ತಿದ್ದಳು. ವಾಣಿಶ್ರೀಯ ಮದುವೆಯಲ್ಲಿ ಹೆಣ್ಣಿನವರ ದಿಬ್ಬಣ ತಡವಾಗಿದ್ದಕ್ಕೆ ಮಂಟಪದ ತುಂಬ ಕೇಳುವಂತೆ, "ಊರ ಕಡಿ ಮಂದಿಗಿ ಟೈಮ್ ಅಂದ್ರ ಏನಂತ ಯಾರ್ ಹೇಳ್ಬೇಕ್ರಿ?" ಎಂದಿದ್ದಳು. ಆ ಮಾತನ್ನು ತಾರಾಬಾಯಿ ಇನ್ನೂ ಜೀರ್ಣಿಸಿಕೊಂಡಿರಲಿಲ್ಲ.

"ಈ ಸರ್ತಿ ಆಕಿ ಬಾಯಾಗ ಬೀಳಬಾರದ್ರಿ," ಎಂದು ಗಂಡನಿಗೆ ಮೊದಲೇ ಹೇಳಿಟ್ಟಿದ್ದಳು.

ಹೊರಡುವ ಮುನ್ನ ಅಳಿಯ ಸಂಜೀವಕುಮಾರ ಫೋನು ಮಾಡಿದ. "ಮಾವಾರ, ಕಲ್ಯಾಣ ಸ್ಟೇಷನ್ನಿಗಿ ನಾನೇ ಬರ್ತೀನ್ರಿ. ಮುಂಜಾನಿ ಗದ್ದಲದಾಗ ಲೋಕಲ್ ಹತ್ತೂದು ನಿಮ್ಗ ಆಗಂಗಿಲ್ರಿ."

ರೇವಪ್ಪನಿಗೆ ಅಂಗಾಲಿನಿಂದ ನೆತ್ತಿಯ ತನಕ ಉರಿಯಿತು. "ಬ್ಯಾಡ್ರಿ ಅಳಿಯಂದೇರ, ನೀವು ಮನ್ಯಾಗ ಇರ್ರಿ. ಸಂಕ್ರಾಂತಿ ರಶ್ಶಿನಾಗ ಜಹೀರಾಬಾದ್ ಬಸ್ಸಿನಾಗ ಸೀಟ್ ಹಿಡದಾವ ನಾನು. ನಿಮ್ಮ ಲೋಕಲ್ ಯಾವ ಲೆಕ್ಕ?"

ತಾಂಡೂರಿನಲ್ಲಿ ರೈಲು ಹತ್ತಿದ ಗಂಡಹೆಂಡಿರು ಬೆಳಿಗ್ಗೆ ಕಲ್ಯಾಣದಲ್ಲಿ ಇಳಿದರು. ಇಳಿದ ಗಳಿಗೆಯಿಂದ ರೇವಪ್ಪ ಮುಂಬೈ ಸೀಮೆಗೆ ಮಾರ್ಕು ಹಾಕಲು ಶುರುಮಾಡಿದ. ಯಾವುದಕ್ಕೂ ಪಾಸಾಗುವಷ್ಟು ಕೊಡಲಿಲ್ಲ. ಚಹಾ ಕುಡಿದು, "ಇದು ಚಹಾ ಏನ? ಲೋಟಾ ತೊಳದ ನೀರು," ಎಂದ. ಪ್ಲಾಟ್‌ಫಾರಂ ಮೇಲೆ ಓಡುವವರನ್ನು ನೋಡಿ, "ಇವರ ಹಿಂದ ನಾಯಿ ಬಿದ್ದಾವೇನ? ಸೀಟ್ ಹಿಡಿಯೂದು ಗೊತ್ತಿಲ್ಲ, ಅದಕ್ಕ ಓಡ್ತಾವ," ಎಂದು ನಕ್ಕ.

ಅಷ್ಟರಲ್ಲಿ ಮೈಕಿನಲ್ಲಿ ಹಿಂದಿಯ ಸೂಚನೆ ಬಂತು: ವಾರಸುದಾರರಿಲ್ಲದ ಸಾಮಾನು ಕಂಡರೆ ಯಾರೂ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ.

"ಕೇಳಿದಿ?" ಎಂದು ರೇವಪ್ಪ ಎದೆಯುಬ್ಬಿಸಿದ. "ಇಟ್ಟ ಸಾಮಾನು ಯಾರೂ ಮುಟ್ಟಬಾರದಂತ. ನಮ್ಮ ಕೊಹೀರಿನ ಕಾನೂನೇ ಇಲ್ಲೂ ಅದ."

ವಾರಸುದಾರರಿಲ್ಲದ ಎಂಬ ಮಾತು ಅವನ ಕಿವಿಗೂ ಬಿದ್ದಿತ್ತು. ತನ್ನಂಥವನಿಗೆ ಅದು ಸಂಬಂಧಪಟ್ಟದ್ದಲ್ಲವೆಂದು ಬಿಟ್ಟಿದ್ದ.

ಖಾಲಿ ಲೋಕಲ್ ಬಂದು ನಿಂತಿತು. ರೇವಪ್ಪ ಟವೆಲ್ಲು ಬೀಸಿದ. ಮುಂಬೈಯ ರೈಲಿನ ಕಿಟಕಿಗೆ ಅಡ್ಡ ಸರಳುಗಳಿರುತ್ತವೆ ಎಂದು ಅವನಿಗೆ ಹೇಳಿದವರಿರಲಿಲ್ಲ. ಟವೆಲ್ಲು ಸರಳಿಗೆ ತಾಗಿ, ಜಾರಿ, ಗಾಲಿಯ ಸಂದಿಗೆ ಬಿತ್ತು. ಅಷ್ಟಕ್ಕೆ ಹಿಂಜರಿಯುವ ಗಂಡಸೇ ಅವನು? ತಾರಾಬಾಯಿ ಎದೆಗವಚಿಕೊಂಡಿದ್ದ ಬಟ್ಟೆಯ ಚೀಲವನ್ನೇ ಕಸಿದುಕೊಂಡು, ಸರಳುಗಳ ನಡುವೆ ತೂರಿಸಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಕೆಡವಿದ. ಅದರಲ್ಲಿದ್ದದ್ದು ಹಸಿರು ಸೀರೆ. ಚೀಲವಾದರೂ ಸಾಮಾನ್ಯದ್ದಲ್ಲ, ರೇವಪ್ಪ ತನ್ನ ಬೀಜಗೊಬ್ಬರದ ಅಂಗಡಿಯ ಗಿರಾಕಿಗಳಿಗೆ ಹಂಚಲು ಮಾಡಿಸಿದ್ದು. ಅದರ ಮೇಲೆ ರುಮಾಲು ಸುತ್ತಿ ಕೈಮುಗಿದು ನಗುತ್ತಿರುವ ರೇವಪ್ಪನ ಫೋಟೋ ದೊಡ್ಡದಾಗಿ ಅಚ್ಚಾಗಿತ್ತು.

"ಸೀಟ್ ಆತು. ಬಾ, ಸಾವಕಾಶ ಬಾ," ಎಂದು ಬಾಗಿಲಿನ ಕಡೆ ಹೊರಟ.

ಬಾಗಿಲಲ್ಲಿ ಜನ ಇರಲಿಲ್ಲ, ಜನದ ಗೋಡೆ ಇತ್ತು. ಆ ಗೋಡೆ ನೋಡನೋಡುತ್ತ ಚಲಿಸತೊಡಗಿತು. ಕಂಡಕ್ಟರಿಲ್ಲ, ಸೀಟಿಯಿಲ್ಲ, ಒಂದು ಮಾತು ಹೇಳುವ ಮರ್ಯಾದೆಯಿಲ್ಲ. ರೇವಪ್ಪ ಬೋಗಿಯ ಮೈಗೆ ಅಂಗೈಯಿಂದ ಬಡಿಯುತ್ತ, "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿಕೊಂಡು ಓಡಿದ. ಕೊಹೀರಿನಲ್ಲಿ ಹಾಗೆ ಬಡಿದರೆ ಎಂಥ ಬಸ್ಸೂ ನಿಲ್ಲುತ್ತದೆ. ಇದು ನಿಲ್ಲಲಿಲ್ಲ.

ಏದುಸಿರು ಬಿಡುತ್ತ ಮರಳಿ ಬಂದವನನ್ನು ತಾರಾಬಾಯಿ ಅಡಿಯಿಂದ ಮುಡಿಯವರೆಗೆ ನೋಡಿದಳು. "ಸೀಟೇನೋ ಸಿಕ್ತಲ್ರಿ. ಸೀರಿ ಆರಾಮ ಕುಂತು ಹೋಗ್ಯದ. ನಾವೇ ನಿಂತೀವಿ."

"ಅಂಜಬ್ಯಾಡ. ಸರ್ಕಾರನೇ ಹೇಳ್ಯದ, ಯಾರೂ ಮುಟ್ಟಂಗಿಲ್ಲಂತ."

"ಅಳಿಯಗ ಫೋನ್ ಹಚ್ಚ್ರಿ."

"ನನ್ನ ಮರ್ಯಾದಿ ಪ್ರಶ್ನೆ ಅದ."

"ನಂದು ಸೀರಿ ಪ್ರಶ್ನೆ ಅದರಿ. ಆ ಶಿವಕಾಂತಾಬಾಯಿ ಮುಂದ ಬರಿಗೈಲೆ ಹ್ಯಾಂಗ್ ಹೋಗ್ಲಿ ನಾ?" ಎಂದವಳ ಕಣ್ಣು ತುಂಬಿತು.

ಮುಂದಿನ ಲೋಕಲ್ಲನ್ನು ಇವರು ತಾವಾಗಿ ಹತ್ತಲಿಲ್ಲ. ಹಿಂದಿನವರ ನೂಕಿಗೆ ಒಳಗೆ ಸೇರಿದರು. ಅದು ಠಾಣೆ ಸ್ಟೇಷನ್ನಿಗೆ ಸ್ವಲ್ಪ ಮೊದಲೇ ನಿಂತುಬಿಟ್ಟಿತು. ನಿಂತದ್ದು ಹೊರಡಲೇ ಇಲ್ಲ. ಬೋಗಿಯ ತುಂಬ ಜನ ಗಡಿಯಾರ ನೋಡಿಕೊಂಡು ಶಾಪ ಹಾಕತೊಡಗಿದರು. ಮುಂದೆ ಹೋದ ರೈಲಿನಲ್ಲಿ ಯಾವನೋ ಚೀಲ ಬಿಟ್ಟು ಹೋಗಿದ್ದಾನೆ, ಅದರಲ್ಲಿ ಏನಿದೆಯೋ ಎಂದು ಹೆದರಿ ರೈಲನ್ನೇ ಖಾಲಿ ಮಾಡಿಸಿದ್ದಾರೆ, ಪೊಲೀಸರು ನಾಯಿ ತಂದಿದ್ದಾರೆ ಎಂದು ಒಬ್ಬ ಹೇಳಿದ.

ರೇವಪ್ಪ ತನ್ನ ದಖನಿ ಉರ್ದುವಿನಲ್ಲಿ ಎಲ್ಲರಿಗಿಂತ ಜೋರಾಗಿ, "ಎಂಥೆಂಥಾ ಬುದ್ಧಿಗೇಡಿಗಳಿರ್ತಾರೆ ನೋಡಿ! ಇಂಥವರನ್ನು ಒಳಗೆ ಹಾಕಬೇಕು," ಎಂದ. ತಾರಾಬಾಯಿ ಅವನ ತೋಳು ಚಿವುಟಿದಳು. ಅವಳಿಗೆ ಆಗಲೇ ಅರ್ಥವಾಗಿತ್ತು.

ಎದುರು ಸೀಟಿನಲ್ಲಿದ್ದ ಕನ್ನಡಕದವನೊಬ್ಬ ಫೋನಿನಲ್ಲಿ ಬಂದ ಫೋಟೋ ತೋರಿಸಿದ. ಖಾಲಿ ಬೋಗಿ. ಒಂದು ನರಪಿಳ್ಳೆಯಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲದ ಮೇಲಿಂದ ರೇವಪ್ಪ ಒಬ್ಬನೇ ಕೈಮುಗಿದು ನಗುತ್ತಿದ್ದ. ಕನ್ನಡಕದವನು ಫೋನು ನೋಡಿದ, ರೇವಪ್ಪನನ್ನು ನೋಡಿದ, ಮತ್ತೆ ಫೋನು ನೋಡಿದ. ಆಮೇಲೆ ಎದ್ದು ದೂರ ಸರಿದ. ಅವನನ್ನು ನೋಡಿ ಪಕ್ಕದವರೂ ಎದ್ದರು. ಉಸಿರಾಡಲು ಜಾಗವಿಲ್ಲದ ಬೋಗಿಯಲ್ಲಿ ರೇವಪ್ಪನ ಸುತ್ತ ಒಂದು ಅಂಗಳವೇ ತೆರೆಯಿತು.

ತಾರಾಬಾಯಿ ಖಾಲಿಯಾದ ಸೀಟಿನಲ್ಲಿ ಕುಳಿತಳು. "ಕೂಡ್ರಿ. ನೀವು ಹಿಡದ ಸೀಟೇ ಅಲ್ಲೇನು?"

ಕೊನೆಗೂ ರೈಲು ಠಾಣೆ ಸ್ಟೇಷನ್ ಮುಟ್ಟಿದಾಗ ಪೊಲೀಸರಿಗೆ ರೇವಪ್ಪನನ್ನು ಹುಡುಕುವ ಕಷ್ಟವೇ ಆಗಲಿಲ್ಲ. ಬೋಗಿಗೆ ಬೋಗಿಯೇ ಅವನನ್ನು ಇಳಿಸಿ ಒಪ್ಪಿಸಿತು. ಪೊಲೀಸರ ಕೋಣೆಯ ಮೇಜಿನ ಮೇಲೆ ಹಸಿರು ಸೀರೆ ಬಿಚ್ಚಿಕೊಂಡು ಬಿದ್ದಿತ್ತು. ನಾಯಿ ಅದರ ಆಸೆ ಬಿಟ್ಟು ಮಲಗಿತ್ತು.

ಅಧಿಕಾರಿ ಹಿಂದಿಯಲ್ಲಿ ಕೇಳಿದ, "ಚೀಲ ಒಳಗೆ, ನೀನು ಹೊರಗೆ. ಯಾಕೆ?"

"ಸೀಟ್ ಪಕಡನೇಕೂ, ಸಾಬ್," ಸೀಟು ಹಿಡಿಯಲಿಕ್ಕೆ ಎಂದ ರೇವಪ್ಪ.

"ಚೀಲ ಇಟ್ಟರೆ ಸೀಟು ನಿನ್ನದು ಹೇಗಾಗುತ್ತದೆ?"

ಜೀವಮಾನವಿಡೀ ಸೀಟು ಹಿಡಿದ ರೇವಪ್ಪನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಟವೆಲ್ಲಿಲ್ಲದ ಹೆಗಲನ್ನೇ ತಡವಿಕೊಂಡ. ಅಧಿಕಾರಿಗೆ ಅನುಮಾನ ಇನ್ನಷ್ಟು ಬಲವಾಯಿತು.

ತಾರಾಬಾಯಿ ಗಂಡನ ಜೇಬಿನಿಂದ ಫೋನು ಕಿತ್ತು ಅಳಿಯನಿಗೆ ಹಚ್ಚಿದಳು. ಎತ್ತಿದವಳು ಶಿವಕಾಂತಾ. ತಾರಾಬಾಯಿ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು, ಅಳುತ್ತ ನಡೆದದ್ದನ್ನೆಲ್ಲ ಹೇಳಿದಳು.

"ಅಳಬ್ಯಾಡ್ರಿ. ಆ ಸಾಹೇಬಗ ಫೋನ್ ಕೊಡ್ರಿ," ಎಂದಳು ಶಿವಕಾಂತಾ.

ಅಧಿಕಾರಿಯ ಕಿವಿಯಿಂದ ಹೊರಗೆ ಚೆಲ್ಲುತ್ತಿದ್ದ ಅವಳ ಮರಾಠಿ ರೇವಪ್ಪನಿಗೆ ಚೆನ್ನಾಗಿ ತಿಳಿಯುತ್ತಿತ್ತು. "ಅವರು ನಮ್ಮ ಬೀಗರು ಸಾಹೇಬ್. ಬುದ್ಧಿ ಕಡಿಮೆ, ಅಪಾಯವೇನಿಲ್ಲ. ನಮ್ಮ ನಾರಾಯಣಖೇಡದ ಕಡೆ ಸೀಟು ಹಿಡಿಯುವುದೇ ಹೀಗೆ. ಕೈಯಲ್ಲಿ ಇದ್ದದ್ದು ಎಸೆಯುತ್ತೇವೆ. ಟವೆಲ್ಲು, ಸೆರಗಿನ ಗಂಟು, ಏನೂ ಇಲ್ಲದಿದ್ದರೆ ಚಪ್ಪಲಿ. ನಾನೂ ಎಸೆದಿದ್ದೇನೆ."

ಅಧಿಕಾರಿ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಬರೆಸಿಕೊಳ್ಳುವುದನ್ನು ಬರೆಸಿಕೊಂಡು, ಬೈಯುವುದನ್ನು ಬೈದು, ಚೀಲ ಕೊಟ್ಟು ಕಳಿಸಿದ.

ಮುಲುಂಡಿನ ಮನೆ ಮುಟ್ಟಿದಾಗ ಕಾರ್ಯ ನಡೆಸಲು ಬಂದ ಅಯ್ಯನವರು ಗಡಿಯಾರ ನೋಡುತ್ತಿದ್ದರು. "ಸೀರಿ ಬರೂತನಕ ಮುಹೂರ್ತ ಬರಂಗಿಲ್ಲ," ಎಂದು ಶಿವಕಾಂತಾ ಅವರನ್ನು ಗದರಿಸಿ ಕೂರಿಸಿದ್ದಳು. ವಾಣಿಶ್ರೀ ಸೀರೆ ಉಟ್ಟು ಹಸೆಯ ಮೇಲೆ ಕುಳಿತಳು. ತಾರಾಬಾಯಿ ಎದೆಯ ಮೇಲಿನ ಭಾರ ಇಳಿದು, ಬೀಗತಿಯ ಮುಖ ನೋಡಿದಳು.

"ಸೀರಿ ಚಲೋ ಅದರಿ," ಎಂದಳು ಶಿವಕಾಂತಾ. "ಪೊಲೀಸರು ನೋಡ್ಯಾರ, ನಾಯಿ ನೋಡ್ಯದ, ಯಾರೂ ತಪ್ಪು ಹಿಡಿಲಿಲ್ಲ."

ರೇವಪ್ಪ ಯಾರ ಕಣ್ಣಿಗೂ ಬೀಳದಂತೆ ಬಾಗಿಲ ಮರೆಯಲ್ಲಿ ನಿಂತಿದ್ದ. ಪಡಸಾಲೆಯಲ್ಲಿ ಜನ ಕಿಕ್ಕಿರಿದು, ಎಷ್ಟೋ ಮಂದಿ ಗೋಡೆಗೊರಗಿ ನಿಂತಿದ್ದರು. ಆದರೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಒಗೆದು ಮಡಿಚಿದ ಒಂದು ಟವೆಲ್ಲು.

"ಬರ್ರಿ ಬೀಗರ," ಎಂದು ಶಿವಕಾಂತಾ ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ದನಿಯಲ್ಲಿ ಕರೆದಳು. "ನಿಮ್ಮ ಸೀಟ್ ಹಿಡದಿಟ್ಟೀನಿ. ಸಾವಕಾಶ ಬರ್ರಿ, ಈ ಕುರ್ಚಿ ಎಲ್ಲೂ ಓಡಿ ಹೋಗಂಗಿಲ್ಲ."