ನಲವತ್ತೊಂದನೆಯ ಕಾಮಗಾರಿ

ನಮ್ಮ ಚಿಕ್ಕಪ್ಪನಿಗೆ ಎರಡು ಸಂಸಾರ. ಗಾಬರಿಯಾಗಬೇಡಿ, ಮೊದಲನೆಯದಕ್ಕೆ ಎರಡನೆಯದರ ವಿಷಯ ಚೆನ್ನಾಗಿಯೇ ಗೊತ್ತು. ಮೊದಲನೆಯದು ನಮ್ಮ ಚಿಕ್ಕಮ್ಮ. ಎರಡನೆಯದು ಭದ್ರಾವತಿಯಲ್ಲಿ ಕಾಗದನಗರದ ಆಚೆ, ಊರಿನ ಅಂಚಿಗೆ ಬಿದ್ದಿರುವ ಅವರ ಬಡಾವಣೆ. ಒಂಬತ್ತಡಿ ಉದ್ದ, ಐದಡಿ ಅಗಲದ ನಕ್ಷೆಯಾಗಿ ಅದು ಮಂಚದ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಚಿಕ್ಕಪ್ಪ ಅದನ್ನು ಎಳೆದು, ಗೆದ್ದಲು ಹತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಕಾಫಿಗೆ ಒಲೆ ಹಚ್ಚುತ್ತಾರೆ.

ಚಿಕ್ಕಪ್ಪ ಕಾಗದದ ಕಾರ್ಖಾನೆಯ ಸಿವಿಲ್ ವಿಭಾಗದಲ್ಲಿ ನಕ್ಷೆ ಬರೆಯುತ್ತಿದ್ದವರು. ಮೂವತ್ತು ವರ್ಷ ಕ್ವಾರ್ಟರ್ಸಿನಲ್ಲಿದ್ದು, ನಿವೃತ್ತರಾದ ಮೇಲೆ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಅಕ್ಕಪಕ್ಕದವರೂ ಹೆಚ್ಚಿನವರು ಅದೇ ಕಾರ್ಖಾನೆಯವರೇ. ಕ್ವಾರ್ಟರ್ಸಿನಲ್ಲಿ ಬಾಳಿದವರಿಗೆಲ್ಲ ಒಂದು ರೋಗ ಅಂಟಿಕೊಂಡಿರುತ್ತದೆ. ನಲ್ಲಿ ಸೋರಲಿ, ಬೀದಿದೀಪ ಆರಲಿ, ಟೌನ್‌ಶಿಪ್ ಆಫೀಸಿನ ಕಂಪ್ಲೇಂಟ್ ಬುಕ್ಕಿನಲ್ಲಿ ಒಂದು ಸಾಲು ಬರೆದು ಬಂದರೆ ಸಂಜೆಯೊಳಗೆ ಯಾರೋ ಏಣಿ ಹೊತ್ತುಕೊಂಡು ಬರುತ್ತಾರೆ ಎಂದು ನಂಬುವ ರೋಗ! ಹೊಸ ಬಡಾವಣೆಯಲ್ಲಿ ಚರಂಡಿಯಿಲ್ಲ, ಡಾಂಬರಿಲ್ಲ, ದೀಪದ ಕಂಬಗಳಿವೆ, ಅವುಗಳಲ್ಲಿ ದೀಪಗಳಿಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆ ಚಿಕ್ಕಪ್ಪನಿಗೆ ದೊಡ್ಡ ಕೊರತೆಯಾಗಿ ಕಂಡದ್ದು ಕಂಪ್ಲೇಂಟ್ ಬುಕ್ಕು. ಅವರೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ದಾರ ಕಟ್ಟಿ, ಪೆನ್ನಿನ ಸಮೇತ ತಮ್ಮ ಗೇಟಿಗೆ ತೂಗುಹಾಕಿದರು.

ಜನ ಬರೆದರು. ಬರೆಯದೆ ಇರುತ್ತಾರೆಯೇ? ಬೋರ್‌ವೆಲ್ ಕೆಟ್ಟಿದೆ, ಹಾವು ಬಂದಿದೆ, ಕಸದ ಗಾಡಿ ಬಂದಿಲ್ಲ. ಪ್ರತಿ ಸೋಮವಾರ ಚಿಕ್ಕಪ್ಪ ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ನಗರಸಭೆಗೆ ಹೋಗಿ, ಒಂದೊಂದು ದೂರನ್ನೂ ಆಯಾ ಮೇಜಿಗೆ ಓದಿ ಹೇಳಿ ಬರುತ್ತಿದ್ದರು. ಒಮ್ಮೆ ಯಾರೋ ಹೆಣ್ಣುಮಗಳು "ನಮ್ಮ ಮನೆಯವರು ವಿಪರೀತ ಗೊರಕೆ ಹೊಡೆಯುತ್ತಾರೆ" ಎಂದು ಬರೆದಿದ್ದಳು. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಚಿಕ್ಕಪ್ಪ ಅದರ ಕೆಳಗೆ "ಪರಿಶೀಲಿಸಲಾಯಿತು. ನಗರಸಭೆಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದು, ರುಜು ಹಾಕಿ ವಿಲೇವಾರಿ ಮಾಡಿದರು.

ಹೀಗೆ ಓಡಾಡುತ್ತಿದ್ದಾಗ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ಅವರಿಗೆ ಎರಡು ಸತ್ಯಗಳನ್ನು ತಿಳಿಸಿದರು. ಒಂದು, ಕೆಲಸ ಆಗಬೇಕಾದರೆ ಅದು ಕ್ರಿಯಾಯೋಜನೆಯಲ್ಲಿರಬೇಕು. ಎರಡು, ಅನುದಾನ ತೀರಾ ಕಡಿಮೆ, ಕಂದಾಯ ಕಟ್ಟುವವರು ಇನ್ನೂ ಕಡಿಮೆ. ಸರಿ, ಚಿಕ್ಕಪ್ಪ ಕಂದಾಯ ಕಟ್ಟಿಸಲು ಹೊರಟರು. ಕಾರ್ಖಾನೆಯ ಜನಕ್ಕೆ ಕಂದಾಯವೆಂದರೆ ಏನೆಂದೇ ಅಂದಾಜಿರಲಿಲ್ಲ. ಬಾಯ್ಲರ್ ವಿಭಾಗದಲ್ಲಿದ್ದ ಒಬ್ಬ ತಮಿಳು ಹಿರಿಯರು, ಬಲ್ಬಿನಿಂದ ಹಿಡಿದು ಸುಣ್ಣದವರೆಗೆ ಎಲ್ಲವೂ ಕಂಪನಿಯಿಂದಲೇ ಬರುತ್ತಿತ್ತಲ್ಲ, ಈಗ ಹೊಸದಾಗಿ ಇದೇನು ಎಂದು ಕೇಳಿದರು. ಚಿಕ್ಕಪ್ಪ ಅವರ ಜಗಲಿಯ ಮೇಲೆ ಕೂತು ನಗರಸಭೆಯ ಆದಾಯದ ಮೂಲಗಳನ್ನು ವಿವರಿಸತೊಡಗಿದರು. ತಿಂಡಿಗೆ ಮುಂಚೆ ಶುರುವಾದದ್ದು ಊಟದ ಹೊತ್ತಾದರೂ ಮುಗಿಯಲಿಲ್ಲ. ಹಿರಿಯರು ಅಂದೇ ಮಧ್ಯಾಹ್ನ ಹೋಗಿ ಎರಡು ವರ್ಷದ್ದು ಒಟ್ಟಿಗೆ ಕಟ್ಟಿ ಬಂದರು. ಸುದ್ದಿ ಹಬ್ಬಿದ ಮೇಲೆ, ಚಿಕ್ಕಪ್ಪ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಜನ ರಸೀದಿಯನ್ನು ಕಿಟಕಿಯಿಂದಲೇ ತೋರಿಸತೊಡಗಿದರು.

ಕ್ರಿಯಾಯೋಜನೆಗೆಂದು ನಕ್ಷೆ ಹುಟ್ಟಿದ್ದು ಆಗಲೇ. ಚಿಕ್ಕಪ್ಪ ಟೇಪು ಹಿಡಿದು ಬಡಾವಣೆಯನ್ನು ಇಂಚಿಂಚೂ ಅಳೆದರು. ಬರೆದ ನಕ್ಷೆ ಹರಿಯಬಾರದೆಂದು ಅದಕ್ಕೆ ಬಟ್ಟೆಯ ಬೆನ್ನು ಹಾಕಿಸಲು ಶಿವಮೊಗ್ಗದ ಗಾಂಧಿ ಬಜಾರಿಗೆ ಬಂದರು. ನಾನಿರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ, ಆದ್ದರಿಂದ ಆ ಮೆರವಣಿಗೆಗೆ ನಾನೂ ಸಾಕ್ಷಿ. ಬಟ್ಟೆ ಅಂಗಡಿಯ ಸಾಹೇಬರು ಮೀಟರ್ ಕೋಲು ಕೈಗೆತ್ತಿಕೊಂಡು, ಶರ್ಟಿಗೋ ಪಂಚೆಗೋ ಎಂದು ವಿಚಾರಿಸಿದರು.

"ಊರಿಗೆ" ಎಂದರು ಚಿಕ್ಕಪ್ಪ.

ಸಾಹೇಬರು ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಸೀರೆಗಳ ಕಡೆ ತಿರುಗಿಕೊಂಡೆ. ಆದರೆ ಗಾಂಧಿ ಬಜಾರಿನ ವ್ಯಾಪಾರಿಗಳು ಅಷ್ಟಕ್ಕೆಲ್ಲ ಬೆದರುವವರಲ್ಲ. "ಊರು ಎಷ್ಟು ಮೀಟರ್ ಇದೆ, ಸಾರ್?" ಎಂದು ಗಂಭೀರವಾಗಿ ಕೇಳಿ, ಅಳೆದು, ಕತ್ತರಿಸಿ, ಅರ್ಧ ಮೀಟರ್ ಹೆಚ್ಚಿಗೆ ಬಿಟ್ಟರು. ಊರು ಬೆಳೀತದೆ ಸಾರ್ ಎಂಬುದು ಅವರು ಕೊಟ್ಟ ಕಾರಣ. ಅಷ್ಟು ಮುಂದಾಲೋಚನೆಯ ಯೋಜಕರನ್ನು ತಾವು ಯಾವ ಕಚೇರಿಯಲ್ಲೂ ಕಂಡಿಲ್ಲವೆಂದು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ.

ಅಂಟು ಒಣಗಲಿ ಎಂದು ನಕ್ಷೆಯನ್ನು ನಮ್ಮ ಮನೆಯ ಹಾಲಿನಲ್ಲಿ ಹಾಸಿದರು. ಎರಡು ದಿನ ನಾವು ಗೋಡೆಗೆ ಬೆನ್ನು ಸವರಿಕೊಂಡೇ ಓಡಾಡಿದೆವು. ನನ್ನ ಗಂಡ ಫೋನಿನಲ್ಲಿ ಮಾತಾಡುತ್ತ ಮರೆತು ಒಂದು ಹೆಜ್ಜೆ ಒಳಗಿಟ್ಟರು. ಚಿಕ್ಕಪ್ಪ ಬಹಳ ವಿನಯದಿಂದ, "ಅಳಿಯಂದ್ರೆ, ನೀವು ನಿಂತಿರೋದು ಓವರ್‌ಹೆಡ್ ಟ್ಯಾಂಕಿನ ಮೇಲೆ, ಸ್ವಲ್ಪ ಇಳೀರಿ" ಎಂದರು.

ಆ ನಕ್ಷೆಗೊಂದು ಪಟ್ಟಿಯಿದೆ. ಬಡಾವಣೆಗೆ ಬೇಕಾದ ನಲವತ್ತೊಂದು ಕಾಮಗಾರಿಗಳು, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮದಲ್ಲಿ. ಇಲ್ಲಿಂದ ಮುಂದೆ ನನಗೆ ಸಿಟ್ಟು ಬರುವ ಭಾಗ, ಸ್ವಲ್ಪ ಸಹಿಸಿಕೊಳ್ಳಿ.

ಚಿಕ್ಕಪ್ಪನ ಮನೆಯಿರುವ ಅಡ್ಡರಸ್ತೆಗೂ ಹೊರಗಿನ ರಸ್ತೆಗೂ ನಡುವೆ ಒಂದು ದೊಡ್ಡ ಚರಂಡಿ ಹರಿಯುತ್ತದೆ. ದಾಟಲು ಇದ್ದದ್ದು ಒಂದೇ ಒಂದು ಹಾಸುಗಲ್ಲು, ಒಬ್ಬರು ನಡೆಯುವಷ್ಟು ಅಗಲದ್ದು. ಅಲ್ಲೊಂದು ಮೋರಿ, ಅಂದರೆ ಕೆಳಗೆ ನೀರು ಹರಿದು ಮೇಲೆ ಗಾಡಿ ಹೋಗುವಂಥ ಕಿರುಸೇತುವೆ, ಕಟ್ಟಬೇಕು. ಅದು ಪಟ್ಟಿಯಲ್ಲಿ ಎಷ್ಟನೆಯದು ಗೊತ್ತೇ? ನಲವತ್ತೊಂದನೆಯದು! ಕಟ್ಟಕಡೆಯದು! ಯಾಕೆಂದರೆ ಕಾರ್ಖಾನೆಯ ಸಿವಿಲ್ ವಿಭಾಗದಲ್ಲಿ ಒಂದು ಪದ್ಧತಿಯಿತ್ತಂತೆ. ಕ್ವಾರ್ಟರ್ಸುಗಳಿಗೆ ಸುಣ್ಣ ಹೊಡೆಸುವ ಪಟ್ಟಿ ಯಾರು ಬರೆಯುತ್ತಾರೋ, ಅವರ ಮನೆ ಕೊನೆಗೆ. ಚಿಕ್ಕಪ್ಪ ಮೂವತ್ತು ವರ್ಷ ಪಟ್ಟಿ ಬರೆದರು, ಚಿಕ್ಕಮ್ಮ ಮೂವತ್ತು ವರ್ಷ ಮಳೆಗಾಲ ಶುರುವಾದ ಮೇಲೆ ಸುಣ್ಣ ಕಂಡಳು.

ಸುಣ್ಣದ ಮಾತು ಬೇರೆ. ಮೂರು ವರ್ಷದ ಹಿಂದೆ ಚಿಕ್ಕಮ್ಮನಿಗೆ ಲಕ್ವ ಹೊಡೆದು ಎಡಗಾಲು ಎಡಗೈ ಸೋತವು. ಗಾಲಿಕುರ್ಚಿ ಬಂತು. ಗಾಲಿಕುರ್ಚಿ ಆ ಹಾಸುಗಲ್ಲಿನ ಮೇಲೆ ಹೋಗುವುದಿಲ್ಲ, ಆಟೋ ಈ ಕಡೆ ಬರುವುದಿಲ್ಲ. ಆಸ್ಪತ್ರೆಗೆ ಹೋಗುವ ದಿನ ನಾಲ್ಕು ಜನ ಅವಳನ್ನು ಕುರ್ಚಿಯ ಸಮೇತ ಎತ್ತಿ, ಚರಂಡಿಗಿಳಿದು ದಾಟಿಸಬೇಕು. ಎರಡು ಸಲ ಹಾಗೆ ಹೋಗಿ ಬಂದವಳು ಮೂರನೆಯ ಸಲ ಖಡಾಖಂಡಿತವಾಗಿ ಬೇಡವೆಂದಳು. "ನಾಲ್ಕು ಜನ ಹೊತ್ಕೊಂಡು ಹೋಗೋದು ಒಂದೇ ಸಲ ಕಣ್ರೋ. ಅದಕ್ಕಿನ್ನೂ ಟೈಮಿದೆ." ಆಮೇಲೆ ಡಾಕ್ಟರೇ ಚಪ್ಪಲಿ ಕೈಲಿ ಹಿಡಿದು ಕಲ್ಲು ದಾಟಿ ಬರತೊಡಗಿದರು. ಊರೆಲ್ಲ ಹರಟೆ ಹೊಡೆಯುತ್ತ ತಿರುಗುತ್ತಿದ್ದ ಚಿಕ್ಕಮ್ಮ ಒಂದು ಕಿಟಕಿಯ ಪಾಲಾದಳು.

ನಾವೆಲ್ಲ ಚಿಕ್ಕಪ್ಪನ ಮೇಲೆ ಮುಗಿಬಿದ್ದೆವು. ಎರಡು ಚಪ್ಪಡಿ ತಂದು ನಾವೇ ಹಾಸಿಬಿಡುತ್ತೇವೆ ಎಂದರು ನಮ್ಮಪ್ಪ. ಆಗದು! ನೀರು ಹೋಗುವಷ್ಟು ಎತ್ತರ ಬಿಡದೆ ಚಪ್ಪಡಿ ಹಾಸಿದರೆ ಮಳೆಗಾಲದಲ್ಲಿ ಕಸ ಕಟ್ಟಿಕೊಂಡು, ನೀರು ಹಿಮ್ಮೆಟ್ಟಿ, ಪಕ್ಕದ ತಗ್ಗಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ, ಅಲ್ಲಿ ಈಗಲೇ ನುಗ್ಗುತ್ತಿದೆ. ಕಟ್ಟುವುದಾದರೆ ಲೆಕ್ಕ ಹಾಕಿದ ಮೋರಿಯನ್ನೇ ಕಟ್ಟಬೇಕು. ಹಾಗಾದರೆ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ತನ್ನಿ ಎಂದೆ ನಾನು.

"ಪಟ್ಟಿ ಬರೆದೋನೇ ಮೇಲೆ ಹತ್ತಿ ಕೂತ್ರೆ, ನಾಳೆ ಆ ಪಟ್ಟೀನ ಯಾರಮ್ಮ ನಂಬ್ತಾರೆ?"

ಆರು ವರ್ಷದಲ್ಲಿ ಮುಗಿದದ್ದು ಎಂಟು ಕಾಮಗಾರಿ. ಈ ಲೆಕ್ಕದಲ್ಲಿ ಮೋರಿಯಾಗಲು ಇನ್ನೂ ಇಪ್ಪತ್ತೈದು ವರ್ಷ. ಚಿಕ್ಕಮ್ಮನಿಗೆ ಈಗ ಅರವತ್ತೆಂಟು. ತೊಂಬತ್ತಮೂರಕ್ಕೆ ಸರಿಯಾಗಿ ತಾನು ವಾಕಿಂಗ್ ಶುರುಮಾಡುವುದಾಗಿ ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನಕ್ಕುಕೊಂಡೇ ಹೇಳುತ್ತಿದ್ದಳು. ನನಗೆ ಮಾತ್ರ ಚಿಕ್ಕಪ್ಪನ ಮೇಲೆ ಮೈ ಉರಿಯುತ್ತಿತ್ತು. ಊರು ಉದ್ಧಾರ ಮಾಡಲು ಹೊರಟವರಿಗೆ ಹೆಂಡತಿ ಕಾಣುವುದಿಲ್ಲವೇ? ಒಮ್ಮೆ ಹೀಗೆಯೇ ಬಿಸಿಯಾಗಿ, ಆ ನಕ್ಷೆಯನ್ನು ಹರಿದೇ ಹಾಕುತ್ತೇನೆಂದು ಮಂಚದ ಕೆಳಗಿನಿಂದ ಎಳೆದು ಬಿಡಿಸಿದೆ. ಊರೆಲ್ಲ ತೆಳುವಾದ ಸೀಸದ ಗೆರೆಗಳು. ಒಂದು ಮೂಲೆಯಲ್ಲಿ ಮಾತ್ರ, ಅಳಿಸಿ ಬರೆದು ಅಳಿಸಿ ಬರೆದು, ಕಾಗದ ಸವೆದು ಹಿಂದಿನ ಬಟ್ಟೆಯೇ ಕಾಣುತ್ತಿತ್ತು. ಮೋರಿಯ ಜಾಗ ಅದು. ಗಾಲಿಕುರ್ಚಿ ಹತ್ತುವಂಥ ಇಳಿಜಾರು, ಎರಡೂ ಬದಿಗೆ ಬಲಗೈಗೆ ಸಿಗುವ ಎತ್ತರದಲ್ಲಿ ಕಂಬಿ, ನಡುವೆ ಕುರ್ಚಿ ನಿಲ್ಲಿಸಿಕೊಂಡು ನೋಡಲು ಒಂದಿಷ್ಟು ಅಗಲ. ನಾನು ಸುರುಳಿ ಸುತ್ತಿ ಇದ್ದಲ್ಲೇ ಇಟ್ಟೆ.

ಈ ವರ್ಷ ಬಜೆಟ್ಟಿಗೆ ಮುಂಚೆ ನಗರಸಭೆಯವರು ಬಡಾವಣೆಯ ಅಂಗನವಾಡಿಯ ಅಂಗಳದಲ್ಲೇ ಸಭೆ ಕರೆದಿದ್ದರು. ಭಾನುವಾರವಾದ್ದರಿಂದ ನಾನೂ ಹೋಗಿದ್ದೆ. ಎಂಜಿನಿಯರ್ ಹುಡುಗಿ ಕೈ ಮುಗಿದು, ಇರುವ ಹಣದಲ್ಲಿ ಈ ಬಡಾವಣೆಗೆ ಒಂದೇ ಕೆಲಸ ಸಾಧ್ಯ, ಯಾವುದೆಂದು ನೀವೇ ಹೇಳಿ ಎಂದಳು. ಚಿಕ್ಕಪ್ಪ ಎದ್ದು, ಕನ್ನಡಕ ಏರಿಸಿ, ಒಂಬತ್ತನೆಯ ಕಾಮಗಾರಿಯನ್ನು ಓದಿದರು. ತಗ್ಗಿನ ಬೀದಿಗೆ ನೀರು ನುಗ್ಗದ ಹಾಗೆ ಚರಂಡಿಗೆ ತಡೆಗೋಡೆ. ಅಲ್ಲಿ ಎಲ್ಲರಿಗಿಂತ ಕೆಳಗಿರುವುದು ಶಮೀಮಾಳ ಮನೆ. ಹೊಲಿಗೆ ಕೆಲಸದವಳು, ಗಂಡ ಲಾರಿ ಡ್ರೈವರ್. ಪ್ರತಿ ಮಳೆಗಾಲ ಹೊಲಿಗೆ ಮಿಷನ್ನನ್ನು ಮಂಚದ ಮೇಲೇರಿಸಿ, ತಾನು ನೀರಿನಲ್ಲಿ ನಿಲ್ಲುವವಳು. ದಿನವೂ ಮಧ್ಯಾಹ್ನ ಆ ಹಾಸುಗಲ್ಲು ದಾಟಿ ಬಂದು ಚಿಕ್ಕಮ್ಮನ ತಲೆ ಬಾಚಿ ಹೋಗುವವಳೂ ಅವಳೇ. ಅಂತೂ ಅವಳ ಸರದಿ ಬಂತಲ್ಲ ಎಂದುಕೊಂಡೆ.

ಶಮೀಮಾ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಮೇಡಂ, ಈ ಸಲ ಪಟ್ಟೀನ ಕೆಳಗಿಂದ ಓದಿ" ಎಂದಳು.

ಚಿಕ್ಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಕೆಂಡಾಮಂಡಲವಾದರು. ಪಟ್ಟಿಗೆ ಒಂದು ಕ್ರಮವಿದೆ, ಅದನ್ನು ಹೀಗೆ ಬುಡಮೇಲು ಮಾಡಲು ಬರುವುದಿಲ್ಲ, ಈ ಮಳೆಗಾಲದಲ್ಲಿ ಮತ್ತೆ ನಿಮ್ಮ ಮನೆಗೇ ನೀರು ಬರುತ್ತದೆ ಎಂದು ಅವಳನ್ನು ಗದರಿದರು.

"ಮಳೆ ವರ್ಷಕ್ಕೆ ನಾಲ್ಕು ತಿಂಗಳು, ಸಾರ್. ಅಕ್ಕ ಒಳಗಿರೋದು ಹನ್ನೆರಡು ತಿಂಗಳು."

ಮೊದಲು ಬಾಯ್ಲರ್ ವಿಭಾಗದ ಹಿರಿಯರು ಕೈಯೆತ್ತಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು, ಕೊನೆಗೆ ಎಲ್ಲರೂ. ಚಿಕ್ಕಪ್ಪ ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಎಂಜಿನಿಯರ್ ಹುಡುಗಿ ಅದನ್ನು ಗೌರವದಿಂದ ಸ್ವೀಕರಿಸಿ, ಫೈಲಿಗೆ ಸೇರಿಸಿ, ಮೋರಿಯನ್ನೇ ಬರೆದುಕೊಂಡಳು. ತಾನೇ ಮಾಡಿದ ಯೋಜನೆ ಮಂಜೂರಾಯಿತೆಂದು ಮೂರು ದಿನ ಮುಖ ಊದಿಸಿಕೊಂಡು ಕೂತ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕೆಲಸ ಶುರುವಾದ ಮೇಲೆ ಸಿಟ್ಟು ಇಳಿಯಿತು. ಕೊಡೆ ಹಿಡಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ. ಇಳಿಜಾರು ಅರ್ಧ ಇಂಚು ಕಡಿದಾಯಿತೆಂದು ಹಸಿ ಕಾಂಕ್ರೀಟನ್ನು ಎರಡು ಸಲ ಕೆರೆಸಿದರು. ಗುತ್ತಿಗೆದಾರ ನನ್ನನ್ನು ಪಕ್ಕಕ್ಕೆ ಕರೆದು, ಇವರನ್ನು ಒಂದು ವಾರ ತೀರ್ಥಯಾತ್ರೆಗೆ ಕಳಿಸಲಾಗುತ್ತದೆಯೇ, ಖರ್ಚು ತನ್ನದೇ ಎಂದ.

ಮೋರಿ ಗಟ್ಟಿಯಾದ ಭಾನುವಾರ ಚಿಕ್ಕಮ್ಮನಿಗೆ ಹೊಸ ಸೀರೆ ಉಡಿಸಿದೆ. ಚಿಕ್ಕಪ್ಪ ಕುರ್ಚಿ ತಳ್ಳಿದರು. ಯಾರೂ ಹೊರಲಿಲ್ಲ, ಯಾರೂ ಎತ್ತಲಿಲ್ಲ. ಬಲಗೈಯಲ್ಲಿ ಕಂಬಿ ಸವರುತ್ತ ಅವಳು ದಾಟಿದಳು. ದಾಟಿದ ಮೇಲೆ, ಎಲ್ಲಿಗೆ, ದೇವಸ್ಥಾನಕ್ಕೋ ಪೇಟೆಗೋ ಎಂದು ಕೇಳಿದೆ. ಶಮೀಮಾಳ ಮನೆಗೆ ಎಂದಳು.

ಮೂರು ವರ್ಷ ಶಮೀಮಾ ಒಬ್ಬಳೇ ಬಂದು ಹೋಗಿದ್ದಳು. ಚಿಕ್ಕಮ್ಮ ಅಷ್ಟು ದಿನವೂ ಆ ಮನೆಯ ಬಾಗಿಲು ತುಳಿದಿರಲಿಲ್ಲ. ಒಳಗೆ ಗೋಡೆಯ ಮೇಲೆ, ಮೊಣಕಾಲೆತ್ತರಕ್ಕೆ, ಹೋದ ಮಳೆಗಾಲದ ನೀರಿನ ಗೆರೆ ಹಾಗೇ ಇತ್ತು. ಚಿಕ್ಕಮ್ಮ ಕುರ್ಚಿಯಿಂದಲೇ ಬಗ್ಗಿ ಅದರ ಮೇಲೆ ಕೈಯಿಟ್ಟಳು. ಆಮೇಲೆ ಶಮೀಮಾಳ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಇಬ್ಬರೂ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಾನು ಹೊರಗೆ ಬಂದೆ.

ಚಿಕ್ಕಪ್ಪ ಬಾಗಿಲ ಹೊರಗೆ, ಚರಂಡಿಯ ಕಡೆ ಮುಖ ಮಾಡಿ ನಿಂತಿದ್ದರು. ನಾಲ್ಕು ಗಂಟೆಗೆ ಹೋದವಳು ದೀಪ ಹಚ್ಚುವ ಹೊತ್ತಾದರೂ ಏಳುವ ಸೂಚನೆಯಿಲ್ಲ. ಒಳಗಿನಿಂದ ಮಾತು, ಲೋಟಗಳ ಸದ್ದು, ಮತ್ತೆ ಮಾತು. ಕತ್ತಲಾಯಿತು, ಕರೆಯಲೇ ಎಂದು ಕೇಳಿದೆ. ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಕಣ್ಣನ್ನೂ ಒರೆಸಿಕೊಂಡರು.

"ಬೇಡ, ಕೂತಿರ್ಲಿ. ಮೂರು ವರ್ಷ ಅವಳು ಕಾದಿದ್ದಾಳೆ. ಒಂದು ಸಂಜೆ ನಾನು ಕಾಯಕ್ಕಾಗಲ್ವಾ?"